ಹಗ್ಗದ ಆ ತುದಿ

ಇದನ್ನು ಹೇಳಬೇಕು ಅಂತ ಎಷ್ಟು ಸಲ ಬಾಯಿ ತೆರೆದೆನೋ, ಅಷ್ಟೂ ಸಲ ಬೇರೆ ಮಾತಾಡಿ ಎದ್ದು ಹೋಗಿದ್ದೇನೆ. ಐದು ವರ್ಷ ಹೀಗೇ ಮುಂದೂಡಿದೆ. ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಕೂತವರು ದೆವ್ವದ ಸುದ್ದಿ ತೆಗೆದಾಗ ಬೀಡಿ ಹಚ್ಚುವ ನೆಪ ಮಾಡಿ ದೂರ ಸರಿಯುತ್ತಿದ್ದೆ. ಈಗ ನನಗೆ ಎಪ್ಪತ್ತೊಂದು. ಇನ್ನೂ ಮುಂದೂಡಿದರೆ ಹೇಳದೆಯೇ ಹೋಗುತ್ತೇನೆ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಸುಳ್ಳಾಗಿದ್ದರೆ ಚೆನ್ನಾಗಿತ್ತು ಅಂತ ನನಗೇ ಎಷ್ಟೋ ಸಲ ಅನ್ನಿಸಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ರಾತ್ರಿ ನಾನು ಕಂಡದ್ದು ಸತ್ತವರನ್ನಲ್ಲ. ಬದುಕಿದ್ದವರನ್ನು. ನನ್ನ ಹೆದರಿಕೆ ಇರುವುದು ಅದರಲ್ಲೇ…

ಕಟಕೋಳದ ಹತ್ತಿರ ನನ್ನದು ಮೂರೂವರೆ ಎಕರೆ. ಬಾಡಿಗೆಯ ದೊಡ್ಡ ಟ್ರ್ಯಾಕ್ಟರ್ ಬಂದರೆ ತಿರುಗಲು ಜಾಗ ಸಾಲದೆ ಬದುವನ್ನೇ ತುಳಿದು ಹೋಗುತ್ತಿತ್ತು. ಯಾರಾದರೂ ಬಳಸಿದ್ದ ಸಣ್ಣ ಟ್ರ್ಯಾಕ್ಟರ್ ಒಂದು ಸಿಕ್ಕರೆ ಸಾಕು ಅಂತ ವರ್ಷವೆಲ್ಲ ಹುಡುಕಿದ್ದೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗದ ಎಡೆ ಚೆಲ್ಲಲು ಹೋಗುವಾಗ ಗಾಡಿ ನನ್ನ ಹೊಲದಲ್ಲಿ ನಿಂತಿರಬೇಕು ಅಂತ ಹಟ. ಅಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು. ಅಷ್ಟರಲ್ಲಿ ರಾಮದುರ್ಗದ ಮೆಕ್ಯಾನಿಕ್ ಮೌಲಾ ಫೋನ್ ಮಾಡಿದ. ಚಚಡಿಯ ಆಚೆ ಒಂದು ಹಳ್ಳಿಯಲ್ಲಿ ಗಾಡಿ ಇದೆ, ಮನೆಯ ಯಜಮಾನನಿಗೆ ಲಕ್ವಾ ಹೊಡೆದಿದೆ, ಓಡಿಸುವವರಿಲ್ಲ ಅಂದ. ನಾವಿಬ್ಬರೂ ಅವನ ಮೋಟಾರ್‌ಸೈಕಲ್ ಮೇಲೆ ಹೊರಟೆವು.

ನನ್ನ ಬಗ್ಗೆಯೂ ಒಂದು ಮಾತು. ಬಾಯಿಗಿಂತ ಮೊದಲು ಕೈ ಏಳುವ ಮನುಷ್ಯ ನಾನು. ಹೆಂಡತಿಯ ಹುಬ್ಬಿನ ಮೇಲಿನ ಗುರುತು ನನ್ನದು. ಒಬ್ಬ ಆಳಿನ ಮುರಿದ ಹಲ್ಲು ನನ್ನದು. ಇಡೀ ಹರೆಯ ಇದನ್ನೇ ಗಂಡಸುತನ ಅಂದುಕೊಂಡಿದ್ದೆ. ಮುದುಕನಾದ ಮೇಲೂ ಬಿಟ್ಟಿರಲಿಲ್ಲ.

ಗಾಡಿ ಕೊಟ್ಟಿಗೆಯಲ್ಲಿತ್ತು. ದನಗಳಿರಲಿಲ್ಲ, ಆದರೂ ನೆಲ ಸಾರಿಸಿತ್ತು. ಮೌಲಾ ಆಯಿಲ್ ಕಡ್ಡಿ ಎಳೆದು ಮೂಸಿದ, ಸ್ಟಾರ್ಟ್ ಮಾಡಿ ಸೈಲೆನ್ಸರಿಗೆ ಅಂಗೈ ಹಿಡಿದ.

"ಹೊಗಿ ನೋಡ್ರಿ ಕಾಕಾರ, ನೀಲೀನೂ ಇಲ್ಲ, ಬಿಳೇದೂ ಇಲ್ಲ. ನಿಮಗಿಂತ ಚೊಲೋ ಉಸರಾಡತೈತಿ."

"ನನ್ನ ಉಸರ ಬಿಡೋ, ಕ್ಲಚ್ ನೋಡು."

"ಕ್ಲಚ್ ಹೊಸಾದು ಇದ್ದಂಗ ಐತಿ. ಎತ್ತಿನಂಗ ಜ್ವಾಕಿ ಮಾಡ್ಯಾರ."

"ಎತ್ತ ಅಂತನ ತಿಳಕೊಂಡಿದ್ವಿರಿ," ಅಂದಳು ಆ ಮನೆಯ ಹೆಂಗಸು. ಅರವತ್ತರ ಹತ್ತಿರದವಳು. ಮೊಣಕೈ ತನಕ ಹಸಿರು ಹಚ್ಚೆ, ಹಸಿರು ಬಳೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ವಾಸನೆ ಅವಳ ಕೈಯಿಂದ ಬರುತ್ತಿತ್ತು, ಗಂಡನಿಗೆ ತಿಕ್ಕುತ್ತಿದ್ದ ಎಣ್ಣೆ. ಅವನು ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದ. ಅರ್ಧ ಮೈ ಸತ್ತಿತ್ತು, ಮಾತು ಹೋಗಿತ್ತು. ಕಣ್ಣು ಮಾತ್ರ ನಮ್ಮ ಹಿಂದೆ ಹಿಂದೆ ಓಡಾಡುತ್ತಿತ್ತು. "ಎತ್ತು ಮಾರಿ ಇದನ್ನ ತಂದ್ವಿರಿ. ಇವರು ಆ ಎತ್ತಿನ ಹೆಸರನ ಇದಕ್ಕೂ ಇಟ್ಟರು. ಹಣಮ್ಯಾ ಅಂತ."

ದರ ಹೊಂದಿತು. ಕಾಗದ ಬರೆದದ್ದಾಯಿತು. ಓಣಿಯ ನಾಲ್ಕು ಮಂದಿ ನೋಡಲು ಬಂದು ನಿಂತಿದ್ದರು. ನಾನು ಸೀಟಿನ ಮೇಲೆ ಹತ್ತುವಾಗ ಅವಳು ಹಿಂದೆ ಹೋಗಿ ಏನೋ ಬಿಚ್ಚತೊಡಗಿದಳು. ಸೀಟಿನ ಕೆಳಗೆ ಸುತ್ತಿದ್ದ ಹಳೆಯ ಎತ್ತಿನ ಹಗ್ಗ. ಎರಡು ಮಾರು ಉದ್ದ ಇದ್ದೀತು.

"ಅದನ್ಯಾಕ ಬಿಚ್ಚತಿ?" ಅಂದೆ.

"ಹಗ್ಗ ಕೊಡೂದಿಲ್ಲರಿ ಅಣ್ಣಾರ. ಗಾಡಿ ಒಯ್ರಿ."

ನಮ್ಮ ಕಡೆ ಅದು ಪದ್ಧತಿ. ಎತ್ತು ಮಾರಿದವರು ಹಗ್ಗ ಇಟ್ಟುಕೊಳ್ಳುತ್ತಾರೆ. ಕೊಂಡವನು ತನ್ನ ಹಗ್ಗ ತಂದು ಹಿಡಿದುಕೊಂಡು ಹೋಗಬೇಕು. ಹಗ್ಗ ಉಳಿದರೆ ಕೊಟ್ಟಿಗೆ ಮತ್ತೆ ತುಂಬುತ್ತದೆ ಅಂತ ನಂಬಿಕೆ. ಆದರೆ ಕೊಂಡವರ ಮನೆಯಲ್ಲಿ ಬೇರೊಂದು ನಂಬಿಕೆ ಇರುತ್ತದೆ, ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಅಪ್ಪ ತಂದ ಒಂದು ಎತ್ತು ಮೂರು ಸಲ ಹಗ್ಗವಿದ್ದ ಮನೆಗೇ ಓಡಿಹೋಗಿ, ನಾಲ್ಕನೆಯ ಸಲ ಹಾದಿಯ ಬಾವಿಗೆ ಬಿದ್ದು ಸತ್ತಿತ್ತು. ಹಗ್ಗ ಯಾರ ಕೈಯಲ್ಲೋ ಎತ್ತು ಅವರದು ಅಂತ ಅಪ್ಪ ಸಾಯುವ ತನಕ ಗೊಣಗುತ್ತಿದ್ದ. ಕಬ್ಬಿಣದ ಗಾಡಿಗೆ ಆ ಭಯ ಯಾಕೆ ಅಂತ ಈಗ ನಗಬಹುದು. ಆಗ ನಗು ಬರಲಿಲ್ಲ.

"ಗಾಡಿ ಮ್ಯಾಲ ಇದ್ದದ್ದೆಲ್ಲಾ ನನ್ನದು. ಬಿಡು," ಅಂದೆ.

"ಕಬ್ಬಿಣಕ್ಕ ಹಗ್ಗ ಯಾಕರಿ ಅಣ್ಣಾರ? ನಡೂ ಹಾದ್ಯಾಗ ಮೇಯಾಕ ಕಟ್ಟತೀರೇನ?"

ನಾಲ್ಕೂ ಮಂದಿ ನಕ್ಕರು. ಮೌಲಾನೂ ನಕ್ಕ. "ಹೋಗ್ಲಿ ಬಿಡ್ರಿ ಕಾಕಾರ, ಸಂತ್ಯಾಗ ಹೊಸಾದು ಕೊಡಿಸ್ತೇನಿ."

ಆ ನಗು ನನ್ನ ಕಿವಿಯಲ್ಲಿ ಕುದಿಯಿತು. ಇಳಿದು ಹೋಗಿ ಹಗ್ಗ ಹಿಡಿದು ಎಳೆದೆ. ಅವಳು ಬಿಡಲಿಲ್ಲ, ಬಲಗೈಗೆ ಸುತ್ತಿಕೊಂಡಿದ್ದಳು. ನಾನು ಆ ಕೈ ಹಿಡಿದು ತಿರುವಿದೆ. ಬಳೆಗಳು ಒಡೆದು ನನ್ನ ಅಂಗೈಗೇ ಚುಚ್ಚಿದವು. ಇನ್ನೂ ತಿರುವಿದೆ. ಒಣಗಿದ ಜೋಳದ ದಂಟು ಮುರಿದಂಥ ಸದ್ದು ಬಂತು… ಎರಡು ಬೆರಳು ಹಿಂದಕ್ಕೆ ವಾಲಿದವು.

ಹೊರಸಿನ ಮೇಲಿನ ಗಂಡ "ಹ್ಞಾ… ಹ್ಞಾ…" ಅಂತ ಕೂಗಿದ. ಏಳಲು ಹೋಗಿ ಅರ್ಧ ಮೈ ಹೊರಸಿನಿಂದ ಜೋತುಬಿತ್ತು.

ಅವಳು ಅಳಲಿಲ್ಲ. ಕೈ ನೋಡಿಕೊಂಡಳು, ಗಂಡನನ್ನು ನೋಡಿದಳು. "ಇವರನ್ನ ಮಗ್ಗಲಾ ಹೊಳ್ಳಿಸೂ ಕೈರಿ ಇದು," ಅಂದಳು. ಅಷ್ಟೇ. ಆ ಮನೆಯಲ್ಲಿ ಅವನನ್ನು ಎತ್ತಿ ಹೊರಳಿಸಲು, ತೊಳೆಯಲು, ಉಣಿಸಲು ಬೇರೆ ಯಾರೂ ಇರಲಿಲ್ಲ. ಅದು ನನಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು. ಆದರೂ ಹಗ್ಗವನ್ನು ಗಾಡಿಯ ಹಿಂದಿನ ಕೊಂಡಿಗೆ ಅವಳ ಕಣ್ಣೆದುರೇ ಬಿಗಿದು ಕಟ್ಟಿ, ಉಳಿದದ್ದನ್ನು ಸೀಟಿಗೆ ಸುತ್ತಿ, ಗಾಡಿ ಹೊರಡಿಸಿದೆ.

ಯರಗಟ್ಟಿಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಚಹಾದಂಗಡಿಯಲ್ಲಿ ಮೌಲಾ ನನ್ನ ಮುಖ ನೋಡಲಿಲ್ಲ.

"ಕಾಕಾರ, ಹೊಳ್ಳಿ ಹೋಗಿ ಹಗ್ಗ ಕೊಟ್ಟ ಬರೂಣೇನ್ರಿ?"

"ನಿನಗ ಹೆದರಿಕಿ ಆಗಿದ್ರ ಮನಿಗೆ ಹೋಗು."

"ಹೆದರಿಕಿ ಅಲ್ರಿ. ನಾಚಿಕಿ."

ಅವನು ರಾಮದುರ್ಗದ ಕಡೆ ಹೊರಟುಹೋದ. ನಾನೊಬ್ಬನೇ ಕಟಕೋಳದ ಹಾದಿ ಹಿಡಿದೆ.

ಎರಡೂ ಕಡೆ ಹಿಂಗಾರಿ ಜೋಳ. ಗಾಳಿಗೆ ಎಲೆ ಎಲೆಗೆ ತಾಗಿ ಸರಸರ… ಗಾಡಿಯ ಮುಂದಿನ ಒಂದೇ ದೀಪ ಉರಿಯುತ್ತಿತ್ತು. ಚಳಿಗೆ ತಲೆಗೆ ಟವಲ್ ಸುತ್ತಿಕೊಂಡಿದ್ದೆ. ಎಂಜಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಗಂಟೆ ಎಂಟೂವರೆ ಇರಬೇಕು.

ಗಾಡಿ ನಿಧಾನವಾಯಿತು.

ಡೀಸೆಲ್ ಇತ್ತು. ಹಾದಿ ಸಮವಾಗಿತ್ತು. ಆದರೂ ತುಂಬಿದ ಕಬ್ಬಿನ ಗಾಡಿ ಎಳೆದಂತೆ ಎಂಜಿನ್ ಮುಲುಗತೊಡಗಿತು. ಗೇರ್ ಇಳಿಸಿದೆ. ಮುಂದಿನ ಗಾಲಿಗಳು ನೆಲ ಬಿಟ್ಟು ಒಂದು ಗೇಣು ಮೇಲೆದ್ದು ಧಪ್ ಅಂತ ಕುಕ್ಕಿದವು. ಹಲ್ಲು ನಾಲಿಗೆಯನ್ನು ಕಚ್ಚಿ ಬಾಯಿ ತುಂಬ ರಕ್ತ. ಮತ್ತೆ ಎದ್ದವು, ಮತ್ತೆ ಕುಕ್ಕಿದವು. ಹಿಂದೆ ಏನೋ ಹಿಡಿದು ಜಗ್ಗುತ್ತಿತ್ತು.

ಆಗ ವಾಸನೆ ಬಂತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ…

ಬ್ರೇಕ್ ಹಾಕಿ ತಿರುಗಿ ನೋಡಿದೆ. ಸೀಟಿಗೆ ಸುತ್ತಿದ್ದ ಹಗ್ಗ ಬಿಚ್ಚಿಕೊಂಡಿತ್ತು. ಕೊಂಡಿಯಿಂದ ಹೊರಟು, ಹಿಂದಿನ ಕೆಂಪು ದೀಪ ದಾಟಿ, ಕತ್ತಲೊಳಗೆ ನೆಟ್ಟಗೆ ಹೋಗಿತ್ತು. ನೆಲಕ್ಕೆ ತಾಗಿರಲಿಲ್ಲ. ಬಿಗಿದ ತಂತಿಯಂತೆ ಸಣ್ಣಗೆ ನಡುಗುತ್ತಿತ್ತು.

"ಯಾವನಲೇ ಅವ?"

ಉಸಿರಾಟ ಕೇಳಿಸಿತು. ಭಾರ ಎತ್ತುವವರು ಹಲ್ಲು ಕಚ್ಚಿ ಬಿಡುವಂಥ ಉಸಿರು.

ಕಳ್ಳರು ಅಂದುಕೊಂಡೆ. ಪೆಟ್ಟಿಗೆಯಿಂದ ನಟ್ಟು ಬಿಚ್ಚುವ ದೊಡ್ಡ ಪಾನಾ ತೆಗೆದುಕೊಂಡು ಇಳಿದೆ. ಎಡಗೈಯಲ್ಲಿ ಹಗ್ಗ ಹಿಡಿದು, ಅದರ ಗುಂಟ ನಡೆದೆ. ಎರಡು ಮಾರಿನ ಹಗ್ಗ ನಾಲ್ಕು ಹೆಜ್ಜೆಗೆ ಮುಗಿಯಬೇಕು. ಮುಗಿಯಲಿಲ್ಲ. ಎಂಟು ಹೆಜ್ಜೆ. ಹತ್ತು. ಹದಿನಾಲ್ಕು… ಐವತ್ತು… ಗಾಡಿಯ ಕೆಂಪು ದೀಪ ಹಿಂದೆ ಚುಕ್ಕೆಯಾಯಿತು. ಮೊಬೈಲಿನ ದೀಪ ಹಚ್ಚಿದೆ.

ಒಂದು ಕೈ ಇತ್ತು.

ಕೈ ಮಾತ್ರ. ಮೊಣಕೈಯಿಂದ ಆಚೆ ಬೆಳಕು ಹೋಗುತ್ತಿರಲಿಲ್ಲ, ಕತ್ತಲೇ ಗಟ್ಟಿಯಾದಂತಿತ್ತು. ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ಹಿಡಿದಿತ್ತು. ಹಸಿರು ಹಚ್ಚೆ. ಒಡೆದುಳಿದ ಒಂದೇ ಬಳೆ. ಎರಡು ಬೆರಳು ಬಾತು ಹಿಂದಕ್ಕೆ ವಾಲಿದ್ದವು. ಉಳಿದ ಬೆರಳುಗಳಿಂದಲೇ ಹಿಡಿದಿತ್ತು.

ಇಲ್ಲಿ ತನಕ ಬರೆಯುವುದು ಸುಲಭ. ಇದರ ಮುಂದಿನದಕ್ಕೇ ಐದು ವರ್ಷ ಬೇಕಾಯಿತು.

ಹೆದರಿ ಹೊಡೆದೆ ಅಂತ ಹೇಳಬಹುದು. ಕತ್ತಲಲ್ಲಿ ಗೊತ್ತಾಗದೆ ಹೊಡೆದೆ ಅಂದರೆ ಯಾರು ಕೇಳುತ್ತಾರೆ? ಆದರೆ ಹಾಗಲ್ಲ. ಆ ಕೈ ಯಾರದು ಅಂತ ನಾನು ಗುರುತಿಸಿದೆ. ಆ ಕೈ ಏನು ಕೆಲಸ ಮಾಡುತ್ತದೆ ಅನ್ನುವುದೂ ನೆನಪಾಯಿತು. ಹಗ್ಗ ಬಿಟ್ಟುಬಿಟ್ಟಿದ್ದರೆ ಮುಗಿಯುತ್ತಿತ್ತು. ಮುದುಕಿಯೊಬ್ಬಳು ನನ್ನನ್ನು ಹಾದಿಯಲ್ಲಿ ತಡೆದು ನಿಲ್ಲಿಸಿದಳಲ್ಲ ಅಂತ ಸಿಟ್ಟು ಬಂತು. ಗುರುತಿಸಿದ ಮೇಲೆ ಹೊಡೆದೆ.

ಮೊದಲ ಏಟು ಮಣಿಕಟ್ಟಿಗೆ. ಬಿಡಲಿಲ್ಲ. ಎರಡನೆಯದಕ್ಕೆ ಎಲುಬು ಪುಡಿಯಾದದ್ದು ಪಾನಾದ ಹಿಡಿಯ ಗುಂಟ ನನ್ನ ಹೆಗಲಿಗೆ ಬಂತು. ಬೆಚ್ಚಗಿನದು ಏನೋ ಮುಖಕ್ಕೆ ಸಿಡಿಯಿತು. ಆಗಲೂ ಆ ಕೈ ನನ್ನನ್ನು ಹಿಡಿಯಲು ಬರಲಿಲ್ಲ, ತಿರುಗಿ ಹೊಡೆಯಲಿಲ್ಲ. ಹಗ್ಗವನ್ನಷ್ಟೇ ಹಿಡಿದಿತ್ತು. ಮೂರನೆಯದು… ನಾಲ್ಕನೆಯದು… ಎಷ್ಟು ಅಂತ ಲೆಕ್ಕ ಇಡಲಿಲ್ಲ. ಕೊನೆಗೆ ಹಗ್ಗ ಸಡಿಲಾಗಿ ನನ್ನ ಕಾಲ ಮೇಲೆ ಬಿತ್ತು.

ಬೆಳಕು ಹಿಡಿದರೆ ಬರಿಯ ಡಾಂಬರು ರಸ್ತೆ. ಜೋಳದ ಸರಸರ. ಹಗ್ಗ ಎರಡೇ ಮಾರು ಇತ್ತು.

ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಗಾಡಿ ಹಗುರವಾಗಿ ಓಡಿತು. ನನ್ನ ಮುಖ ಕಂಡು ಹೆಂಡತಿ, "ಯಾರನ್ನ ಹೊಡದ ಬಂದ್ರಿ?" ಅಂದಳು. ಅವಳು ಕೇಳಿದ್ದು ಅಷ್ಟೇ. ಏನಾಯಿತು ಅಂತ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಮೌಲಾ ಬಂದ. ಒಳಗೆ ಬಾರದೆ ಅಂಗಳದಲ್ಲೇ ನಿಂತ.

"ಕಾಕಾರ, ನಿನ್ನಿ ಯರಗಟ್ಟಿಯಿಂದ ಎಲ್ಲಿ ಹೋದ್ರಿ?"

"ಮನಿಗೆ."

"ಹೊಳ್ಳಿ ಚಚಡಿ ಕಡೆ ಹೋಗಿಲ್ಲಲ್ರಿ?"

"ಇಲ್ಲೋ. ಯಾಕ?"

"ಆ ಅವ್ವನ ಕೈ ಜಜ್ಜಿ ಹೋಗೇತಿರಿ. ರಾತ್ರಿ ಎಂಟೂವರಿಗೆ ಚೀರಿದ್ದು ಕೇಳಿ ಮಂದಿ ಓಡಿ ಬಂದ್ರಂತ. ಒಳಗಿಂದ ಚಿಲಕ ಹಾಕಿತ್ತಂತ, ಬಾಗಲಾ ಒಡದ ಹೋಗ್ಯಾರ. ಗಂಡನ ಹೊರಸಿನ ಮಗ್ಗಲಕ ಬಿದ್ದಿದ್ಲಂತ. ಬೈಲಹೊಂಗಲದ ದವಾಖಾನ್ಯಾಗ ಮಣಿಕಟ್ಟಿನ ತನಕ ಕೈ ತಗದಾರ."

ಅವನ ಕಣ್ಣು ಗಾಡಿಯ ಮೇಲೆ ಬಿದ್ದಿದ್ದ ಪಾನಾದ ಮೇಲೆ ನಿಂತಿತು. ನಾನು ಅದನ್ನು ತೊಳೆದಿರಲಿಲ್ಲ.

"ಆಕಿ ಏನಂತಾಳ?" ಅಂದೆ ಕಡೆಗೆ.

"ಬಾಗಲದಾಗ ಸಿಕ್ಕಿತ್ತು ಅಂತಾಳ್ರಿ. ಯಾರ ಹೆಸರೂ ಹೇಳವಲ್ಲಳು."

ಅಂದಿನಿಂದ ಮೌಲಾ ನನ್ನ ಗಾಡಿ ಮುಟ್ಟಿಲ್ಲ. ಮುಟ್ಟುವ ಅಗತ್ಯವೂ ಬಿದ್ದಿಲ್ಲ. ಐದು ವರ್ಷದಲ್ಲಿ ಅದು ಒಂದು ದಿನವೂ ಕೆಟ್ಟಿಲ್ಲ. ಕೆಡಲಿ ಅಂತ ನಾನು ಬೇಡಿಕೊಂಡದ್ದಿದೆ.

ಗಂಡನನ್ನು ಹೊರಳಿಸುವವರಿಲ್ಲದೆ ಅವನ ಬೆನ್ನು ಹುಣ್ಣಾಯಿತು. ಓಣಿಯವರು ಕೆಲವು ದಿನ ಬಂದರು, ಆಮೇಲೆ ಬರಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಅವನು ತೀರಿಕೊಂಡ. ಆ ಸುದ್ದಿ ಕೇಳಿ ಒಂದು ದಿನ ನಾನು ಆ ಊರಿಗೆ ಹೋದೆ. ಕಾಲಿಗೆ ಬೀಳಬೇಕು ಅಂತಲೇ ಹೋಗಿದ್ದೆ.

ಅವಳು ಕಟ್ಟೆಯ ಮೇಲೆ ಕೂತು ಎಡಗೈಯಿಂದ ಜೋಳ ಹಸನು ಮಾಡುತ್ತಿದ್ದಳು. ಮೊಂಡಾದ ಬಲಗೈ ಮೊರದ ಅಂಚನ್ನು ಒತ್ತಿ ಹಿಡಿದಿತ್ತು. ನನ್ನನ್ನು ನೋಡಿದಳು. ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ಬರ್ರಿ ಅಣ್ಣಾರ. ನೀರ ಕುಡೀತೀರೇನ?"

ಎಡಗೈಯಲ್ಲಿ ತಂಬಿಗೆ ತಂದುಕೊಟ್ಟಳು. ಕುಡಿದೆ.

"ಗಾಡಿ ಹೆಂಗ ಐತ್ರಿ?"

"ಚೊಲೋ ಐತಿ."

"ಆ ರಾತ್ರಿ ಭಾಳ ಜಗ್ಗಿತೇನ್ರಿ?" ಅಂದಳು. ಸಿಟ್ಟಿರಲಿಲ್ಲ. ಮನೆಯ ದನದ ಬಗ್ಗೆ ಕೇಳುವ ಹಾಗೆ ಕೇಳಿದಳು. "ನನಗೂ ಭಾಳ ಜಗ್ಗಿತ್ರಿ."

ಕಾಲಿಗೆ ಬೀಳಲಿಲ್ಲ. ತಂಬಿಗೆ ಕೆಳಗಿಟ್ಟು ಎದ್ದು ಬಂದೆ. ಅವಳಿಗೆ ಏನು ಗೊತ್ತು, ಹೇಗೆ ಗೊತ್ತು, ಗೊತ್ತಿದ್ದೂ ಹೆಸರು ಯಾಕೆ ಹೇಳಲಿಲ್ಲ… ಇವತ್ತಿಗೂ ನನಗೆ ತಿಳಿದಿಲ್ಲ.

ಮತ್ತೆ ಹೋಗಿಲ್ಲ. ಹೋಗಲು ಧೈರ್ಯವಿಲ್ಲದೆ ಇಲ್ಲಿ ಬರೆಯುತ್ತಿದ್ದೇನೆ. ಓದಲು ಬಾರದವಳಿಗೆ ಕಾಗದದ ಮೇಲೆ ತಪ್ಪೊಪ್ಪಿಕೊಳ್ಳುವುದು ಎಷ್ಟು ಸುಲಭ ಅನ್ನುವುದೂ ನನಗೆ ಗೊತ್ತು. ಇಲ್ಲಿ ತನಕ ಅವಳು, ಆ ಹೆಂಗಸು, ಮುದುಕಿ ಅಂತಲೇ ಬರೆದೆ. ಹೆಸರು ಗೊತ್ತಿರಲಿಲ್ಲ ಅಂತಲ್ಲ. ಬರೆದರೆ ಎಲ್ಲಿ ತಿರುಗಿ ನೋಡುತ್ತಾಳೋ ಅಂತ.

ನೀಲವ್ವ.