ಆ ಕೊನೆಯ ನಲವತ್ತು ಪುಟ

ಇವತ್ತು ಶಹಾಪುರದ ಖಾನಾವಳಿಯಲ್ಲಿ ಗೆಳತಿಯರು ಕಾದಂಬರಿ ಮೇಲೋ, ಅದರ ಸಿನಿಮಾ ಮೇಲೋ ಎಂದು ಜಗಳಕ್ಕೆ ಬಿದ್ದರು. ಘನ ವಿದುಷಿಯಾದ ನಾನು ಊಟದ ದಾರಿ ಕಾಯುತ್ತಿದ್ದೆ. ಒಳಗಿನಿಂದ ಬಿಸಿ ರೊಟ್ಟಿಯ ವಾಸನೆ ಬಂದು ಅವ್ವನ ತಂಗಿ ಚಿಗವ್ವ ನೆನಪಾದಳು.

ನಾನು ಚಿಕ್ಕವಳಿದ್ದಾಗ, ಗಂಡ ಬಿಟ್ಟ ಮೇಲೆ ಚಿಗವ್ವ ನಾರಾಯಣಪುರದ ಕಾಲುವೆ ನೌಕರರ ಕ್ವಾರ್ಟರ್ಸಿನಲ್ಲಿ ನಮ್ಮ ಜೊತೆಗೇ ಇದ್ದಳು. ಅವಳಿಗೆ ಓದು ಬರದು. ಅವಳು ರೊಟ್ಟಿ ಬಡಿಯುವಾಗ ನಾನು ಕಾದಂಬರಿ ಓದಬೇಕು, ಆಮೇಲೆಯೇ ಆಟ. ಒಮ್ಮೆ ಓದುತ್ತಿದ್ದ ಕಥೆಯಲ್ಲೂ ಗಂಡ ಬಿಟ್ಟವಳೊಬ್ಬಳಿದ್ದಳು. ನಲವತ್ತು ಪುಟ ಉಳಿದಿರುವಾಗ ನನಗೆ ಆಟದ ಅವಸರ ಹತ್ತಿತು. ಲೇಖಕರ ಭಾರ ಇಳಿಸುವ ಸದುದ್ದೇಶದಿಂದ, ಗಂಡ ಬಂದು ಅವಳನ್ನು ಕರೆದೊಯ್ದನೆಂದು ನಾನೇ ಕಟ್ಟಿ ಗಂಭೀರವಾಗಿ ಓದಿ ಪುಸ್ತಕ ಮುಚ್ಚಿದೆ.

“ಖರೇನ ಬಂದನೇನವ್ವಾ?” ಅಂದಳು ಚಿಗವ್ವ. ಅಂದಿನಿಂದ ತಾನೂ ಬಾಗಿಲ ಕಡೆ ನೋಡತೊಡಗಿದಳು.

ಮುಂದೆ ಸುರಪುರದ ಟಾಕೀಸಿಗೆ ಅದೇ ಕಥೆಯ ಸಿನಿಮಾ ಬಂತು. ಅದರಲ್ಲಿ ಆ ಗಂಡ ಬಿಟ್ಟವಳು ಬಾವಿಗೆ ಹಾರಿದಳು.

“ಸಿನಿಮಾದವ್ರು ಸುಳ್ಳು ತೋರಿಸ್ಯಾರ. ಪುಸ್ತಕದಾಗ ಗಂಡ ಬರ್ತಾನ,” ಎಂದು ಚಿಗವ್ವ ಟಾಕೀಸಿನ ಹೊರಗೆ, ಜೊತೆಗೆ ಬಂದಿದ್ದ ಓಣಿಯ ಹೆಂಗಸರೊಡನೆ ವಾದಕ್ಕೆ ನಿಂತಳು.

ಪುಸ್ತಕ ಓದಿದ್ದ ಮಾಸ್ತರರ ಹೆಂಡತಿ ನಕ್ಕರು. “ಇಲ್ರಿ ಅಕ್ಕಾ, ಅದರಾಗೂ ಸಾಯ್ತಾಳ. ನಿಮ್ಮ ಹುಡುಗಿ ನಿಮಗ ಟೋಪಿ ಹಾಕ್ಯಾಳ.”

ಎಲ್ಲರೂ ನಕ್ಕರು. ಚಿಗವ್ವ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಮತ್ತೆಂದೂ ಅವಳು ನನ್ನಿಂದ ಏನನ್ನೂ ಓದಿಸಿಕೊಳ್ಳಲಿಲ್ಲ.

ಇವತ್ತು ಸಂಜೆ ಮನೆಗೆ ಬಂದು, ಈಗಲೂ ನನ್ನ ಜೊತೆಗಿರುವ ಚಿಗವ್ವನ ಪಕ್ಕ ಕೂತು ಹೊಸ ಕಾದಂಬರಿಯೊಂದನ್ನು ತೆರೆದೆ. “ಓದಲೇನು ಚಿಗವ್ವಾ?”

“ಬ್ಯಾಡವ್ವಾ, ಟೀವಿ ಹಚ್ಚು. ಅದು ಎಲ್ಲಾರಿಗೂ ಒಂದೇ ತೋರಸ್ತೈತಿ.”