ಅಣ್ಣನ ಎಡೆಗೆ ಬಂಗುಡೆ ಕಲಿತ ಸಕ್ಕುಬಾಯಿ

“ಈ ಮಡಕಿ ಇಳಿಸಿದ್ರ ನಾನೂ ಇಳೀತೀನಿ. ತಿಳೀತೇನು?”

“ಇಳೀರಿ ಆಂಟಿ, ಯಾರು ಬೇಡ ಅಂದ್ರು? ಇದು ಪ್ಯೂರ್ ವೆಜ್ ಗ್ರೂಪ್. ಮೀನಿನ ಮಡಕೆ ನನ್ನ ಬಸ್ಸಲ್ಲಿ ಬರಲ್ಲ.”

ಪುಣೆಯ ಖರಾಡಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಸ್ಸಿನ ಹೊಟ್ಟೆಗೆ ಸಿಲಿಂಡರ್, ಕೊಪ್ಪರಿಗೆ, ಅವಲಕ್ಕಿ ಮೂಟೆ ತುಂಬುತ್ತಿರುವ ಅಡುಗೆಯ ಸಕ್ಕುಬಾಯಿ, ಟೂರ್ ಮ್ಯಾನೇಜರ್ ವಿನೀತನ ಜೊತೆ ಜಗಳಕ್ಕೆ ನಿಂತಿದ್ದಾರೆ. ಭುಜ್, ದ್ವಾರಕೆ, ಕೊನೆಗೆ ದೀವ್: ಯುದ್ಧ ನಡೆದ ಜಾಗಗಳನ್ನು ನೋಡಿ, ಸಮುದ್ರದಲ್ಲಿ ಕಾಲು ನೆನೆಸಿಕೊಂಡು ಬರುವ ಪ್ರವಾಸ ಇದು.

ಇಂಥ ಪ್ರವಾಸಗಳಲ್ಲಿ ಅಡುಗೆಮನೆಯೂ ಬಸ್ಸು ಹತ್ತುತ್ತದೆ. ಜನ ಸ್ಮಾರಕದ ಮುಂದೆ ಫೋಟೊ ತೆಗೆಸಿಕೊಳ್ಳುವಾಗ ಛತ್ರದ ಹಿತ್ತಲಲ್ಲಿ ಈರುಳ್ಳಿ ಹೆಚ್ಚುವವರನ್ನು ಯಾರೂ ನೋಡುವುದಿಲ್ಲ. ಯಾದಗಿರಿ ಕಡೆಯಿಂದ ಬಂದ ಸಕ್ಕುಬಾಯಿ ಖರಾಡಿಯ ಎಷ್ಟೋ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊತ್ತಿದ್ದಾರೆ. ಗಂಡ ಸತ್ತ ಮೇಲೆ ಸೌಟು ಹಿಡಿದರು. ಈ ಕೆಲಸ ಹೋದರೆ ಮತ್ತೆ ಇಟ್ಟಿಗೆಯೇ ಗತಿ.

“ಮಂದಿ ಉಂಡೆದ್ದ ಮ್ಯಾಲ ನಾನೂ ಒಂದೀಟು ಸಮುದ್ರ ನೋಡ್ತೀನ್ರಿ. ಅಷ್ಟೊತ್ತಿಗೆ ಕತ್ತಲಾಗಿರತದ,” ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನೆದುರು ನಗುತ್ತಾರೆ.

ಈ ಬಸ್ಸಿನ ಪ್ರಯಾಣಿಕರಲ್ಲೊಬ್ಬರಾದ ಪ್ರೇಮಾವತಿ ಅಮ್ಮ, ಕರಾವಳಿಯಿಂದ ಬಂದು ಪುಣೆಯಲ್ಲಿ ಹೋಟೆಲು ನಡೆಸುವ ಮನೆಯ ಹಿರಿಯರು. ಅವರ ಅಣ್ಣ ನೌಕಾಪಡೆಯಲ್ಲಿದ್ದು, ಎಪ್ಪತ್ತೊಂದರ ಯುದ್ಧದಲ್ಲಿ ಹಡಗಿನ ಜೊತೆ ದೀವ್ ಬಳಿ ಮುಳುಗಿದರು. ಕಳೆದ ವರ್ಷ ಅಮ್ಮ ಅಲ್ಲಿನ ದಂಡೆಯಲ್ಲಿ ಎಡೆ ಇಟ್ಟು ಅಳುತ್ತಿದ್ದರು. ಎಲೆಯಲ್ಲಿದ್ದದ್ದು ಟೂರಿನ ಪೂರಿ, ಬಟಾಟೆ ಭಾಜಿ. “ಬಂಗುಡೆ ಇಲ್ಲದಿದ್ದರೆ ಅವನಿಗೆ ಊಟವೇ ಇಳಿಯುತ್ತಿರಲಿಲ್ಲ,” ಅಂದರಂತೆ. ಮುಂದಿನ ಸಲ ತಾನೇ ಮಾಡಿಕೊಡುತ್ತೇನೆಂದು ಸಕ್ಕುಬಾಯಿ ಮಾತು ಕೊಟ್ಟರು. ಹೊಳೆಮೀನು ಮಾತ್ರ ಗೊತ್ತಿದ್ದ ಕೈ, ಅಮ್ಮನ ಒಲೆಯ ಮುಂದೆ ಕೂತು ಬಂಗುಡೆ ಸಾರು ಕಲಿಯಿತು. ಟೂರಿನ ಪಾತ್ರೆಗೆ ಮೀನು ಮುಟ್ಟಬಾರದೆಂದೇ ಬೇರೆ ಮಡಕೆ ತಂದಿದ್ದಾರೆ; ಮೀನು ದೀವ್‌ನಲ್ಲೇ ಕೊಂಡು, ದಂಡೆಯಲ್ಲೇ ಮೂರು ಕಲ್ಲಿನ ಒಲೆ ಹೂಡುವ ಲೆಕ್ಕ.

ಇದನ್ನೆಲ್ಲ ವಿನೀತನಿಗೆ ಹೇಳಿಯಾಗಿದೆ. ಯುದ್ಧದಲ್ಲಿ ಸತ್ತವರ ಜಾಗ ತೋರಿಸಿ ಟಿಕೆಟ್ ಮಾರುವವರಿಗೆ ಸತ್ತವನ ಊಟ ಮಾತ್ರ ಬೇಡ.

“ಲಾಸ್ಟ್ ಸಲ ಹೇಳ್ತಿದೀನಿ. ಮಡಕೆ ಬಿಟ್ಟು ಹತ್ತಿ.”

ಸಕ್ಕುಬಾಯಿ ಮಡಕೆಯನ್ನು ಕಂಕುಳಿಗೆ ಏರಿಸುತ್ತಾರೆ. “ಅವಲಕ್ಕಿ ಮುಂದಿನ ಮೂಟ್ಯಾಗ ಅದ. ಒಗ್ಗರಣಿ ನೀನ ಹಾಕಪ್ಪ.”

ಕಿಟಕಿಯಿಂದ ನೋಡುತ್ತಿದ್ದ ಪ್ರೇಮಾವತಿ ಅಮ್ಮ ಮೊಣಕಾಲು ಹಿಡಿದುಕೊಂಡು ಬಸ್ಸಿನ ಮೆಟ್ಟಿಲು ಇಳಿಯುತ್ತಾರೆ.

“ನಡಿ ಮಾರಾಯ್ತಿ, ರೈಲಿಗೆ ಹೋಗುವ. ನೀನಿಲ್ಲದೆ ನನಗೆ ಅಲ್ಲಿ ಏನು ಕೆಲಸ?”

“ಮಣಕಾಲ ನೋವು ಅಂತೀರಲ್ರಿ, ಅಮ್ಮಾರ?”

“ನೋವು ಬಸ್ಸಿನಲ್ಲಿ ಕೂತರೂ ಉಂಟು.”

ವಿನೀತ ಹಾರ್ನ್ ಹೊಡೆಸುತ್ತಾನೆ, ಆಮೇಲೆ ಹಿಂದೆಯೇ ಓಡಿಬರುತ್ತಾನೆ. ಅಷ್ಟರಲ್ಲಿ ಇಬ್ಬರೂ ರಿಕ್ಷಾದಲ್ಲಿ ಕೂತಾಗಿದೆ.

“ಹುಳಿ, ಖಾರ ಎಲ್ಲಾ ಹದ ಸಿಕ್ಕದ್ರಿ ನನಗ,” ಎಂದು ಸಕ್ಕುಬಾಯಿ ರಿಕ್ಷಾದಿಂದ, ಹೊರಗೆ ನಿಂತ ನನ್ನತ್ತ ಬಾಗಿ ಹೇಳುತ್ತಾರೆ. “ಈ ಸಲ ಅಮ್ಮಾರ ಅಣ್ಣ ಹೊಟ್ಟಿ ತುಂಬ ಉಣ್ತಾನ.”

ರಿಕ್ಷಾ ಸ್ಟೇಷನ್ ಕಡೆ ತಿರುಗುತ್ತದೆ. ಅಡುಗೆಯವರಿಲ್ಲದ ಬಸ್ಸು ಬಿಸಿಲೇರುವ ತನಕ ಕಾಯುತ್ತದೆ. ಇಬ್ಬರೂ ಬರುವುದಿಲ್ಲ.