ನಂಬರು ಒಡೆಯುತ್ತಿದ್ದ ಜಯಂತಿ ಅಕ್ಕ

ಮುಂದಿನ ಕಾರಿನ ನಂಬರಿನಲ್ಲಿ ಕೊನೆಯ ಮೂರು ಅಂಕಿಗಳನ್ನು ಅಪವರ್ತನಗಳಾಗಿ ಒಡೆದು ಮುಗಿಸದೆ ಜಯಂತಿ ಅಕ್ಕ ಸಿಗ್ನಲ್ ಬಿಟ್ಟು ಕದಲುತ್ತಿರಲಿಲ್ಲ. ಹಸಿರು ದೀಪ ಬಂದು ಹಿಂದಿನವರೆಲ್ಲ ಹಾರ್ನ್ ಬಾರಿಸುತ್ತಿದ್ದರೂ, "ಮುನ್ನೂರ ಐವತ್ತೇಳು... ಮೂರು, ಏಳು, ಹದಿನೇಳು! ಈಗ ಹೋಗುವ" ಎಂದ ಮೇಲೆಯೇ ಅವರ ಕಾರು ಹೊರಡುತ್ತಿತ್ತು. ಒಡೆಯದ ಸಂಖ್ಯೆ ಸಿಕ್ಕಿತೋ, ಆ ಕಾರಿನವನಿಗೊಂದು ಸಲಾಮು. ಪಕ್ಕದಲ್ಲಿ ಕೂತ ನನಗೆ ಜೀವ ಬಾಯಿಗೆ ಬರುತ್ತಿತ್ತು.

ಅವರು ಉಡುಪಿ ಕಡೆಯವರು. ಕುವೈತಿನ ಫರ್ವಾನಿಯಾದಲ್ಲಿ ನಮ್ಮ ಎದುರಿನ ಫ್ಲಾಟು, ಆಫೀಸೊಂದರಲ್ಲಿ ಅಕೌಂಟ್ಸ್ ಕೆಲಸ. ನಮ್ಮ ಮನೆಗೆ ಬಾಗಿಲು ತಟ್ಟದೆ ಬರುವಷ್ಟು ಸಲುಗೆ, ನಾನು ಮಾಡಿದ ಕಾಫಿಯನ್ನು ಕಲಗಚ್ಚು ಎನ್ನುವಷ್ಟು ಅಧಿಕಾರ ಅವರಿಗಿತ್ತು.

ಆರನೇ ಕ್ಲಾಸಿನ ನನ್ನ ಮಗಳು ದಿಶಾ ಗಣಿತದ ಹೆದರಿಕೆಗೆ ಬೆಳಗಾದರೆ ಹೊಟ್ಟೆನೋವು ಎನ್ನತೊಡಗಿದ್ದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂದೇ ಲೆಕ್ಕಕ್ಕೆ ಅಂಟಿಕೊಂಡು ಉಳಿದದ್ದನ್ನೆಲ್ಲ ಖಾಲಿ ಬಿಟ್ಟು ಬಂದಿದ್ದಳು. ನೂರ ತೊಂಬತ್ತನಾಲ್ಕರ ಅವಿಭಾಜ್ಯ ಅಪವರ್ತನಗಳನ್ನು ಹುಡುಕುವ ಲೆಕ್ಕ ಅದು. ಎರಡರಿಂದ ಭಾಗಿಸಿದಾಗ ತೊಂಬತ್ತೇಳು ಬಂತು. ಆಮೇಲೆ ಆ ತೊಂಬತ್ತೇಳನ್ನು ಸಿಕ್ಕಸಿಕ್ಕ ಸಂಖ್ಯೆಗಳಿಂದೆಲ್ಲ ಭಾಗಿಸುತ್ತ ಕೂತಿದ್ದಳಂತೆ, ಗಂಟೆ ಹೊಡೆಯುವವರೆಗೆ. ನಾನು ಹೇಳಿಕೊಡಲು ಹೋದರೆ ಜಗಳವೇ ಆಗುತ್ತಿತ್ತು.

ಒಂದು ಸಂಜೆ ಅದೇ ಲೆಕ್ಕ ಹಿಡಿದು ಕೂತಿದ್ದ ಅವಳ ಪಕ್ಕ ಜಯಂತಿ ಅಕ್ಕ ನೆಲದ ಮೇಲೆ ಕೂತರು.

"ಎಂತಕ್ಕೆ ಅಷ್ಟು ದೂರ ಹೋಗ್ತಿ ಮಗಾ? ಎರಡು, ಮೂರು, ಐದು, ಏಳು ನೋಡಿ ಆಯ್ತಲ್ಲ? ಮುಂದಿನದ್ದು ಹನ್ನೊಂದು. ಹನ್ನೊಂದನ್ನು ಹನ್ನೊಂದರಿಂದ ಗುಣಿಸಿದ್ರೆ ನೂರ ಇಪ್ಪತ್ತೊಂದು, ತೊಂಬತ್ತೇಳನ್ನು ದಾಟಿತು. ಖಲಾಸ್, ಅಲ್ಲಿಗೆ ನಿಲ್ಲಿಸು."

"ಬಟ್ ಆಂಟಿ, ದೊಡ್ಡ ನಂಬರ್ ಒಂದು ಮಿಸ್ ಆದ್ರೆ?"

"ದೊಡ್ಡದು ಒಂಟಿಯಾಗಿ ಬರುದಿಲ್ಲ ಮಾರಾಯ್ತಿ, ಜೊತೆಗೊಂದು ಸಣ್ಣದು ಬೇಕೇ ಬೇಕು. ಎರಡೂ ದೊಡ್ಡದಾದ್ರೆ ತೊಂಬತ್ತೇಳು ದಾಟಿ ಹೋಗ್ತದೆ. ಆ ಸಣ್ಣದು ಸಿಗ್ಲೇ ಇಲ್ಲ, ಮತ್ತೆ ಎಂತ ಹೆದರಿಕೆ?"

ದಿಶಾ ಎರಡರಿಂದ ಏಳರವರೆಗೆ ತಾನೇ ಇನ್ನೊಮ್ಮೆ ಭಾಗಿಸಿ ನೋಡಿದಳು. ಕೊನೆಗೆ ಉತ್ತರ ಬರೆದು ತಾನಾಗಿಯೇ ಪೆನ್ಸಿಲ್ ಕೆಳಗಿಟ್ಟಳು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು.

ವಾರ್ಷಿಕ ಪರೀಕ್ಷೆಯ ದಿನವೇ ಅಕ್ಕ ಕೆಲಸ ಬಿಟ್ಟು ಕುವೈತಿನಿಂದ ಊರಿಗೆ ಹೊರಟರು. ಏರ್‌ಪೋರ್ಟಿಗೆ ಹೋಗಿ ಕಳಿಸಿಕೊಡಲೂ ನನಗಾಗಲಿಲ್ಲ. ಶಾಲೆಯ ಗೇಟಿನ ಮುಂದೆ ನಿಂತಿದ್ದೆ. ದಿಶಾ ಹೊರಗೆ ಬರುವುದಕ್ಕೂ ಅಕ್ಕನ ಫೋನ್ ಬರುವುದಕ್ಕೂ ಸರಿಹೋಯಿತು.

"ಮುಗಿಸಿದಳಾ?"

ಫೋನನ್ನು ಮಗಳ ಕೈಗೇ ಕೊಟ್ಟೆ. "ಎಲ್ಲಾ ಮುಗೀತು ಆಂಟಿ, ಟೈಮ್ ಕೂಡ ಉಳೀತು!"

"ಅಬ್ಬ!" ಎಂದದ್ದು ನನಗೂ ಕೇಳಿಸಿತು. ಅದರ ಹಿಂದೆಯೇ ಮೈಕಿನಲ್ಲಿ ಯಾರೋ ಒಂದು ಹೆಸರನ್ನು ಕೂಗುತ್ತಿದ್ದರು. "ಆಗಿನಿಂದ ನನ್ನನ್ನೇ ಕರೀತಿದ್ದಾರೆ ಮಗಾ," ಎಂದರು ಜಯಂತಿ ಅಕ್ಕ. "ಇನ್ನು ವಿಮಾನ ಹತ್ತುತ್ತೇನೆ."